ಪದವಿನ ಬುದ್ಧಿವಂತ ಹಂದಿ

ಮೊನ್ನೆ ಕೋಡಿಂಬಾಳದ ಮದುವೆಯಲ್ಲಿ ತಲೆಯ ಮೇಲೆ ಏನೋ ಕಣಜದ ಹಾಗೆ ಗುಂಯ್‌ಗುಟ್ಟಿತು. ಡ್ರೋನು. ಎಲ್ಲರೂ ಮೇಲೆ ನೋಡಿ ಕೈಬೀಸಿದರೆ ನಾನು ಚಪ್ಪರದ ಕಂಬದ ಮರೆ ಹುಡುಕಿದೆ. ನಗಬೇಡಿ. ಗುಂಡ್ಯದಲ್ಲಿ "ಘಾಟಿ ಬಂದ್" ಎಂದು ಒಂದೇ ಮಾತು ಹೇಳಿ ಇಡೀ ಬಸ್ಸನ್ನು ಗಂಟುಮೂಟೆ ಸಮೇತ ಇಳಿಸಿದವ ನಾನು. ಪುತ್ತೂರಿನಿಂದ ಸುಳ್ಯದವರೆಗೆ ನನ್ನಷ್ಟು ಚಂದಕ್ಕೆ ಸುಳ್ಳು ಹೇಳುವವರಿದ್ದರೆ ತೋರಿಸಿ. ಆದರೆ ಆ ಗುಂಯ್ ಕೇಳಿದರೆ ತಲೆ ತಾನೇ ತಗ್ಗುತ್ತದೆ.

ಗೆಳೆಯ ಮೋನಪ್ಪನ ಮನೆಯ ಹಿಂದೆ ಒಂದು ಪದವು, ಅಂದರೆ ಗುಡ್ಡದ ನೆತ್ತಿಯ, ಕೆಂಪು ಮುರಕಲ್ಲಿನ ಬೋಳು ಬಯಲು. ಅಲ್ಲಿ ಮೊಣಕಾಲೆತ್ತರದ ಕಲ್ಲುಗಳದ್ದೊಂದು ವೃತ್ತ. "ಇದು ಹಳೇ ಕಾಲದವರ ಸಮಾಧಿ" ಎಂದು ಅವನು ಎಷ್ಟೋ ವರ್ಷದಿಂದ ಹೇಳುತ್ತಿದ್ದ. ಊರು ನಗುತ್ತಿತ್ತು, ನಗಿಸುತ್ತಿದ್ದವ ನಾನು. ಕೊನೆಗೆ, ಎರಡು ವರ್ಷದ ಹಿಂದೆ, ಇಂಥ ಜಾಗಗಳ ಮೇಲೆ ಡ್ರೋನು ಹಾರಿಸಿ ಫೋಟೋ ತೆಗೆಯುವ ಸಂಶೋಧಕಿಯೊಬ್ಬರು ಬರುತ್ತೇನೆಂದರು. ಮೇಲಿನಿಂದ ನೋಡಿದರೆ ನೆಲ ಗುಟ್ಟು ಬಿಡುತ್ತದಂತೆ. ಮೋನಪ್ಪ ಹೊಸ ಅಂಗಿ ಹೊಲಿಸಿದ.

ನನ್ನ ಕೈ ತುರಿಸದಿದ್ದೀತೇ? ಹಿಂದಿನ ದಿನ ಅವನು ಪೇಟೆಗೆ ಹೋದದ್ದೇ ಹಾರೆ ಹಿಡಿದು ಹತ್ತಿದೆ. ಹುಲ್ಲಿನಲ್ಲಿ ಅಲ್ಲಲ್ಲಿ ಹೂತು ತುದಿ ಮಾತ್ರ ಕಾಣುತ್ತಿದ್ದ ಕಲ್ಲುಗಳನ್ನು ಮೀಟಿ, ಉರುಳಿಸಿ, ಆಚೆ ನನ್ನದೇ ಒಂದು ಪುರಾತನ ವೃತ್ತ ಕಟ್ಟಿದೆ. ಅವನದನ್ನು ಮುಟ್ಟಲಿಲ್ಲ, ಅಷ್ಟು ಮರ್ಯಾದೆ ನನಗೂ ಉಂಟು.

ಮರುದಿನ ಡ್ರೋನು ಏರಿತು. ಪರದೆಯಲ್ಲಿ ನನ್ನ ವೃತ್ತ ಸೊಟ್ಟ ದೋಸೆ. ಮೋನಪ್ಪನದ್ದು ದುಂಡಗೆ, ಲಕ್ಷಣವಾಗಿ. ಅದರ ಸುತ್ತ, ಕೈವಾರದಲ್ಲಿ ಎಳೆದ ಹಾಗೆ, ಹಸಿ ಕೆಂಪು ಗುಂಡಿಗಳ ಇನ್ನೊಂದು ದೊಡ್ಡ ವೃತ್ತ. ನೆಲದಲ್ಲಿ ನಿಂತ ಯಾರಿಗೂ ಇಷ್ಟು ಕಾಲ ಕಾಣದೇ ಇದ್ದದ್ದು.

"ಅಯ್ಯೋ, ಹೊರಗಿನ ಸುತ್ತು! ಯಾರು ಕಿತ್ತದ್ದು? ಅಡಿಯ ಮಣ್ಣು ಕದಡಿದ ಮೇಲೆ ಅದರ ಕಾಲ ಹೇಳುದು ಹೇಗೆ?" ಎಂದರು ಸಂಶೋಧಕಿ.

ಮೋನಪ್ಪ ನನ್ನ ಉಗುರಿನ ಸಂದಿಯ ಕೆಂಪು ಮಣ್ಣು ನೋಡಿದ.

"ಕಾಡುಹಂದಿ, ಮೇಡಂ" ಎಂದ.

"ಹಂದಿ ಕಲ್ಲು ಜೋಡಿಸ್ತದಾ?"

"ನಮ್ಮ ಊರಿನದ್ದು ಸ್ವಲ್ಪ ಬುದ್ಧಿವಂತ ಹಂದಿ."

ಬೈದಿದ್ದರೆ ತಿರುಗಿಸಿ ಒಂದು ತಮಾಷೆ ಹೇಳಬಹುದಿತ್ತು. ಬೈಯಲೇ ಇಲ್ಲ ಅವನು. ಹೊಸ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ, ಅಷ್ಟೇ. ಆಮೇಲೆ ನಾನು ಆ ಪದವು ಹತ್ತಿಲ್ಲ, ಅವನ ಮನೆಯ ಚಾ ಕುಡಿದಿಲ್ಲ.

ಮೊನ್ನೆ ಡ್ರೋನಿನವನು ಮದುಮಕ್ಕಳ ಸುತ್ತ ಎಲ್ಲರನ್ನೂ ವೃತ್ತವಾಗಿ ನಿಲ್ಲಿಸಿದ. ಮದುವೆಗೆ ಬಂದಿದ್ದ ಮೋನಪ್ಪ ತನ್ನ ಪಕ್ಕದಲ್ಲಿ ಒಂದಾಳಿನ ಜಾಗ ಬಿಟ್ಟು, ನಾನು ಅಡಗಿದ್ದ ಕಂಬದ ಕಡೆ ತಿರುಗಿ ಕೂಗಿದ:

"ಓಯ್ ಹಂದಿ, ಬಾ ಮಾರಾಯ. ಇಲ್ಲಿ ಒಂದು ಕಲ್ಲು ಕಡಿಮೆ ಉಂಟು."

ಹೋಗಿ ನಿಂತೆ. ಮೇಲೆ ನೋಡುವ ಧೈರ್ಯವಾಗಲಿಲ್ಲ. ಆದರೆ ಡ್ರೋನು ಇಳಿಯುವವರೆಗೆ ಆ ಜಾಗ ಬಿಟ್ಟು ಅಲ್ಲಾಡಲಿಲ್ಲ.