ಗಾಂಧಿನಗರದ ಮನೆಯೊಳಗಿನ ಸಮುದ್ರ

ಹೆಂಡತಿಗೆ ಸಮುದ್ರ ತಂದುಕೊಡುತ್ತೇನೆಂದು ಹೊರಟ ಗಂಡಸು ನಾನು. ಈಗ ಯಾರಾದರೂ ಇದನ್ನು ಕೇಳಿ ನಕ್ಕರೆ ನಾನೂ ನಗುತ್ತೇನೆ. ಆಗ ನಕ್ಕವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಕುರುಗೋಡಿನವನು. ಸಿರುಗುಪ್ಪದಲ್ಲಿ ಆರು ವರ್ಷ ನೀರಾವರಿ ಇಲಾಖೆಗೆ ಕಾಲುವೆಯ ನೀರಿನ ಮಟ್ಟ ಬರೆದು, ಬಡ್ತಿಯ ಮೇಲೆ ಬಳ್ಳಾರಿಗೆ ಬಂದು ಗಾಂಧಿನಗರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಹೆಂಡತಿ ಗೋಕರ್ಣದ ಕಡೆಯವಳು. ಇಲ್ಲಿನ ಶಿಶುವಿಹಾರದಲ್ಲಿ ಕಲಿಸಲು ಬಂದಿದ್ದವಳನ್ನು ನಾನೇ ಮೆಚ್ಚಿ ಮದುವೆಯಾಗಿ, ನಾನೇ ಕೆಲಸ ಬಿಡಿಸಿದ್ದೆ. ಅವಳ ಅಪ್ಪ ಉಪ್ಪಿನ ಆಗರದಲ್ಲಿ ದುಡಿಯುವವರು. ಯುಗಾದಿ ಮುಗಿದ ಮೇಲೆ ಅವರ ಕಾಗದ ಬಂತು: ಕಾಲು ಬಾತಿದೆ, ಮಳೆ ಹಿಡಿಯುವ ಮೊದಲು ಇಬ್ಬರೂ ಒಮ್ಮೆ ಬಂದು ಹೋಗಿ. ಅವಳು ತವರಿಗೆ ಹೋಗಿ ಎರಡು ವರ್ಷದ ಮೇಲಾಗಿತ್ತು. ನನ್ನ ಹತ್ತಿರ ಹದಿನೈದು ದಿನದ ರಜೆ ಇತ್ತು. ಹೋಗೋಣ ಎಂದೆ, ಬರುತ್ತೇವೆಂದು ಅವರಿಗೂ ಬರೆದೆ.

ಅದೇ ವಾರ ಡಾಕ್ಟರರ ಷಾಪಿನಲ್ಲಿ ಗಾಜಿನ ತೊಟ್ಟಿಯ ಬಂಗಾರ ಬಣ್ಣದ ಮೀನುಗಳ ಮುಂದೆ ಅವಳು ಮೈಮರೆತು ನಿಂತಳು. "ನಮ್ಮ ಕಡೆ ಬಂಡೆ ಸಂದಿಯಲ್ಲಿ ಇದಕ್ಕಿಂತ ಚೆಂದದ್ದು ಇರ್ತವೆ," ಎಂದಳು. ಅಷ್ಟೇ ಸಾಕಾಯಿತು, ನನಗೆ ಹುಚ್ಚು ಹತ್ತಿತು. ಕಬ್ಬಿಣದ ಚೌಕಟ್ಟಿನ ತೊಟ್ಟಿ ಕಟ್ಟಿಸಿದೆ. ದೊಡ್ಡ ಪ್ಲಾಸ್ಟಿಕ್ ಕ್ಯಾನುಗಳನ್ನು ಹೊಂದಿಸಿಕೊಂಡು ಗೋವೆಯ ರೈಲಿಗೆ ತಯಾರಾದೆ.

"ನಾನೂ ಬರ್ತೇನೆ. ಅಲ್ಲಿಂದ ನಮ್ಮೂರು ದೂರ ಇಲ್ಲ," ಎಂದಳು.

"ಮೀನು, ನೀರು ಹೊತಗೊಂಡು ಊರೂರು ತಿರುಗಾಕ ಆಗ್ತೈತೇನು? ಇದೊಂದು ಸರಿಯಾಗಿ ನಿಲ್ಲಲಿ, ಆಮ್ಯಾಲೆ ಇಬ್ಬರೂ ಆರಾಮ ಹೋಗಾಣ," ಎಂದೆ.

ಒಬ್ಬನೇ ಹೋಗಿ ಬಂದೆ. ಅಲ್ಲಿಯ ಮೀನುಗಾರನೊಬ್ಬ ಪಟ್ಟೆಪಟ್ಟೆಯ ನಾಲ್ಕು ಪುಟ್ಟ ಮೀನು, ಒಂದು ಹವಳದ ಕಲ್ಲು ಹಿಡಿದುಕೊಟ್ಟಿದ್ದ. ಹವಳವೆಂದರೆ ನನಗೆ ಗೊತ್ತಿದ್ದದ್ದು ಅಮ್ಮನ ಕೊರಳಿನ ಕೆಂಪು ಮಣಿ. ಇದು ಬೆಲ್ಲದ ಬಣ್ಣದ ಕಲ್ಲು. ನೀರಲ್ಲಿ ಅಲುಗಿಸದೆ ಬಿಟ್ಟರೆ ಮೈತುಂಬ ಎಳ್ಳುಕಾಳಿನಷ್ಟು ಬಾಯಿಗಳನ್ನು ತೆರೆಯುತ್ತಿತ್ತು. ಮೊದಲ ದಿನ ಅವಳು ತೊಟ್ಟಿಯ ಮುಂದಿನಿಂದ ಏಳಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಉಳಿದ ರಜೆ ಕಾವಲಿಗೇ ಹೋಯಿತು. ಕರೆಂಟು ಹೋದರೆ ಗಾಳಿ ಊದುವ ಪಂಪು ನಿಲ್ಲುತ್ತಿತ್ತು, ಆಗ ನಾನು ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಸುರಿಯುತ್ತಾ ಕೂರುತ್ತಿದ್ದೆ. ರಜೆ ಮುಗಿದು ಆಫೀಸಿಗೆ ಹೋದರೂ ಜೀವವೆಲ್ಲ ಮನೆಯಲ್ಲೇ. ಬೇಸಿಗೆ ಬಲಿತಂತೆ ತೊಟ್ಟಿಯ ನೀರು ಇಳಿಯತೊಡಗಿತು. ಕ್ಯಾನಿನಲ್ಲಿ ಉಳಿಸಿದ್ದ ಸಮುದ್ರದ ನೀರನ್ನು ಒಂದು ಹನಿ ಚೆಲ್ಲದಂತೆ ತಂದು ತುಂಬಿಸುತ್ತಿದ್ದೆ.

ಒಂದು ಸಂಜೆ ಅವಳು ತೊಟ್ಟಿಯ ಅಂಚಿನ ಬಿಳಿಯ ಗೆರೆಯನ್ನು ನೋಡಿ, ನೀರಿನಲ್ಲಿ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡಳು.

"ಇನ್ನು ಸಮುದ್ರದ ನೀರು ಹಾಕ್ಬೇಡಿ. ಬಿಸಿಲಿಗೆ ನೀರು ಆರಿ ಹೋಗ್ತದೆ, ಉಪ್ಪು ಅಲ್ಲೇ ಉಳೀತದೆ. ಎರಡು ದಿನ ಕೊಡದಲ್ಲಿ ಇಟ್ಟ ಸಿಹಿನೀರು ಹಾಕಿ. ಸಮುದ್ರದ ನೀರು ಆರಿಸಿ ಉಪ್ಪು ತೆಗೆಯೂದೇ ಅಪ್ಪನ ಕೆಲ್ಸ."

"ಸಮುದ್ರದ ಮೀನಿಗೆ ನಲ್ಲಿ ನೀರು ಹಾಕಬೇಕಾ? ಆರು ವರ್ಷ ನೀರಿನ ಮಟ್ಟ ಬರದೀನಿ, ನೀನು ನನಗ ಹೇಳಿಕೊಡಾಕ ಬಂದಿಯೇನು?"

ಅವಳು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ನಮ್ಮ ಪಡಸಾಲೆಯಲ್ಲೇ ಒಂದು ಉಪ್ಪಿನ ಆಗರ ತಯಾರಾಗುತ್ತಿತ್ತು, ಅದನ್ನು ಗುರುತಿಸಬಲ್ಲ ಒಬ್ಬಳೇ ಒಬ್ಬಳ ಬಾಯಿಯನ್ನು ನಾನು ಮುಚ್ಚಿಸಿದ್ದೆ. ಅವತ್ತಿನ ನನ್ನ ದನಿ ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮೊದಲು ಹವಳ ಬಾಯಿ ತೆರೆಯುವುದನ್ನು ನಿಲ್ಲಿಸಿತು, ಆಮೇಲೆ ಸುಣ್ಣದಂತೆ ಬೆಳ್ಳಗಾಯಿತು. ಮೀನುಗಳ ಮೇಲೆ ನೊರೆಯಂಥದ್ದು ಕಟ್ಟಿತು. ಅಷ್ಟರಲ್ಲಿ ತವರಿನಿಂದ ಇನ್ನೊಂದು ಕಾಗದ, ಅಪ್ಪನ ಕಾಲಿನ ಬಾವು ಏರುತ್ತಿದೆ ಎಂದು. "ನಾನೊಬ್ಬಳೇ ಹೋಗಿ ಬರ್ತೇನೆ," ಎಂದಳು. "ಇಷ್ಟು ದಿನ ಕಾದೀದಿ, ಇನ್ನೊಂದು ವಾರ ಕಾಯಾಕ ಏನಾಗೇತಿ? ಇಬ್ಬರೂ ಹೋಗಾಣ," ಎಂದೆ. ಆ ವಾರದಲ್ಲಿ ಮೀನುಗಳು ಒಂದೊಂದಾಗಿ ಸತ್ತವು. ಕೊನೆಯದನ್ನು ಕಾಗದದಲ್ಲಿ ಸುತ್ತಿ ಹಿತ್ತಲಲ್ಲಿ ಹೂತ ಮರುದಿನವೇ ಟೆಲಿಗ್ರಾಂ ಬಂತು.

ನಾವು ಹೋಗಿ ಮುಟ್ಟುವಷ್ಟರಲ್ಲಿ ಅವಳ ಅಪ್ಪನ ದಹನವೆಲ್ಲ ಮುಗಿದಿತ್ತು. ಅಂಗಳದಲ್ಲಿ ಅವಳ ತಮ್ಮ ತಲೆ ಬೋಳಿಸಿಕೊಂಡು ನಿಂತಿದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಬೇಗ ಬರ್ತೇವೆ ಅಂತ ಬರೆದಿದ್ರಲ್ಲ, ಭಾವ. ಅಪ್ಪ ದಿನಾ ಕೇಳ್ತಿದ್ರು."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ನೆಲ ನೋಡುತ್ತಾ ಹೇಳಿದಳು:

"ಇವರಿಗೆ ರಜೆ ಸಿಗ್ಲಿಲ್ಲ."

"ಪಾಪ, ಸರ್ಕಾರಿ ಕೆಲ್ಸ ಅಂದ್ರೆ ಹಾಗೇ," ಎಂದು ತಮ್ಮ ಒಳಗೆ ಹೋಗಿ, ಅಪ್ಪ ಕೂರುತ್ತಿದ್ದ ಕುರ್ಚಿಯನ್ನು ತಂದು ನನಗೆ ಹಾಕಿದ. ನಾನು ಅದರ ಮೇಲೆ ಕೂತೆ.