ಮೊದಲು ಕೈ

ನಮ್ಮ ದೊಡ್ಡಬಳ್ಳಾಪುರದ ಖಗೋಳ ಕೂಟದ ಟೆಲಿಸ್ಕೋಪ್ ನೋಡಿಕೊಳ್ಳುತ್ತಿದ್ದವರು ಒಬ್ಬ ಮಗ್ಗದ ಮೆಕ್ಯಾನಿಕ್. ಮೋಟಾರು ಕಾದಿದೆಯೇ ಎಂದು ಅಂಗೈಯಿಟ್ಟು ನೋಡುವ ಅಭ್ಯಾಸವನ್ನು ಇಲ್ಲಿಗೂ ತಂದಿದ್ದರು. ಜನರಿಗೆ ಸೂರ್ಯನ ಕಲೆಗಳನ್ನು ತೋರಿಸುವ ದಿನ, ಒಬ್ಬೊಬ್ಬರು ಬಗ್ಗುವ ಮುನ್ನವೂ ಕಣ್ಣಿಡುವ ಜಾಗಕ್ಕೆ ತಮ್ಮ ಅಂಗೈ ಹಿಡಿಯುತ್ತಿದ್ದರು.

"ಮೊದಲು ಕೈ, ಆಮೇಲೆ ಕಣ್ಣು."

ಸಾಲು ಬೆಳೆಯುತ್ತಿತ್ತು. ನನಗೆ ರೇಗುತ್ತಿತ್ತು.

ಒಂದು ಭಾನುವಾರ ಶಾಲೆಯ ಮೈದಾನದಲ್ಲಿ ಟೆಲಿಸ್ಕೋಪಿನ ಬಾಯಿಗೆ ಬಿಸಿಲು ತಡೆಯುವ ಫಿಲ್ಟರ್ ಹಾಳೆ ಅಂಟಿಸಿದವನು ನಾನೇ. ನಾಲ್ಕು ಕಡೆ ಹಾಕಬೇಕಿದ್ದ ಟೇಪನ್ನು ಆತುರದಲ್ಲಿ ಎರಡೇ ಕಡೆ ಹಾಕಿದ್ದೆ.

"ಬೇಗ ಕೈ ತೆಗೀರಿ ಸಾರ್, ಇನ್ನೂ ಎಷ್ಟು ಜನ ಇದಾರೆ!" ಎಂದೆ.

"ಕಾಯ್ತಾರೆ ಕಣಪ್ಪಾ" ಎಂದರು ಅವರು.

ಅಷ್ಟರಲ್ಲಿ ಜೋರಾಗಿ ಗಾಳಿ ಬೀಸಿ ಹಾಳೆ ಕಿತ್ತುಕೊಂಡು ಹಾರಿತು. ಸಾಲಿನ ಮುಂದಿದ್ದ ಹೂ ಮಾರುವ ಅಜ್ಜಿ ಆಗಲೇ ಬಗ್ಗಿದ್ದರು. ಕಣ್ಣಿಡುವ ಜಾಗದಲ್ಲಿ ಮೆಕ್ಯಾನಿಕ್ಕರ ಅಂಗೈ ಇನ್ನೂ ಹಾಗೇ ಇತ್ತು.

"ಹಿಂದಕ್ಕೆ ಬಾರಮ್ಮಾ!" ಎಂದು ಅವರು ಕೂಗಿದರು.

ಅಜ್ಜಿ ಬೆಚ್ಚಿ ಹಿಂದೆ ಸರಿದ ಮೇಲೆಯೇ ಅವರು ಕೈ ತೆಗೆದದ್ದು. ಅಂಗೈಯ ನಡುವೆ ಸುಟ್ಟ ಚುಕ್ಕೆಯೊಂದು ಕೆಂಪಗೆ ಎದ್ದಿತ್ತು. ಆ ಕೈ ಇರದಿದ್ದರೆ ಆ ಬಿಸಿಲು ಅಜ್ಜಿಯ ಕಣ್ಣಿಗೇ ಬೀಳುತ್ತಿತ್ತು. ಮೆಕ್ಯಾನಿಕ್ ನನ್ನನ್ನು ಬೈಯಲಿಲ್ಲ. ಬಿದ್ದ ಹಾಳೆಯನ್ನು ತರಿಸಿ, ಬಿಸಿಲಿಗೆ ಹಿಡಿದು ತೂತಿಲ್ಲವೆಂದು ನೋಡಿ, ಟೇಪಿನ ಜೊತೆ ನನ್ನ ಕೈಗೇ ಕೊಟ್ಟರು. ನಾಲ್ಕೂ ಕಡೆ ಒತ್ತಿ ಅಂಟಿಸಿದೆ.

"ಈ ಸಲ ನಿನ್ ಕೈ ಇಡಪ್ಪಾ."

ಇಟ್ಟೆ. ಬಿಸಿ ತಾಗಲಿಲ್ಲ. ನಾನು ಕೈಯನ್ನು ಪೂರ್ತಿ ತೆಗೆಯುವ ಮೊದಲೇ ಅವರು ಬಗ್ಗಿ, ತಮ್ಮ ಕಣ್ಣಿಟ್ಟರು.