ಅತ್ತಿಗೆ ಬಿಟ್ಟುಕೊಟ್ಟ ಬೆಕ್ಕು

ಮೊನ್ನೆ ನಮ್ಮ ಬೀದಿಗೆ ಹಾಸಿಗೆ ಹೊಲಿಯುವವರು ಬಂದಿದ್ದರು. ಎದುರು ಮನೆಯವರ ಹಳೇ ಹಾಸಿಗೆ ಬಿಚ್ಚಿ ಹತ್ತಿ ಹಿಂಜುವಾಗ ಆ ಮುಗ್ಗಲು ವಾಸನೆ ನಮ್ಮ ಬಾಗಿಲವರೆಗೂ ಬಂತು. ಬಟ್ಟೆ ಒಣಗಹಾಕುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಅತ್ತಿಗೆ ನೆನಪಾದರು...

ಅವರು ನನ್ನ ಗಂಡನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ರವಿಕೆ ಹೊಲಿದು ತಮ್ಮನನ್ನು ಓದಿಸಿದವರು. ನಾನು ಮದುವೆಯಾಗಿ ಮರಳೂರಿನ ಆ ಎರಡು ಕೋಣೆಯ ಮನೆಗೆ ಬಂದಾಗ, ಅವರ ಹೊಲಿಗೆ ಮಷೀನಿನ ಕೆಳಗೆ ಬೂದು ಬಣ್ಣದ ಬೆಕ್ಕೊಂದು ಮಲಗಿರುತ್ತಿತ್ತು. ಮಷೀನು ಎಷ್ಟು ಸದ್ದು ಮಾಡಿದರೂ ಅದು ಏಳುತ್ತಿರಲಿಲ್ಲ. ಅತ್ತಿಗೆ ಊಟಕ್ಕೆ ಕುಳಿತರೆ ಮೊದಲ ತುತ್ತು ಹಾಲನ್ನ ಅದಕ್ಕೇ.

ಮಗನಿಗೆ ನಾಲ್ಕು ತುಂಬುವ ಹೊತ್ತಿಗೆ ಉಬ್ಬಸ ಶುರುವಾಯಿತು. ಏಳುತ್ತಲೇ ಸೀನು, ಎದೆಯೊಳಗೆ ಸಿಳ್ಳೆಯಂಥ ಸದ್ದು. ಡಾಕ್ಟರು, ಮನೆಯಲ್ಲಿ ಪ್ರಾಣಿ ಸಾಕಿದ್ದೀರಾ ಎಂದು ಕೇಳಿದ್ದೇ ನನಗೆ ಸಾಕಾಯಿತು. ಅಲರ್ಜಿ ಟೆಸ್ಟ್ ಮಾಡಿಸಿ ನೋಡೋಣ ಎಂದದ್ದು ಕಿವಿಗೇ ಬೀಳಲಿಲ್ಲ. ಮನೆಗೆ ಬಂದವಳೇ, "ಅತ್ತಿಗೆ, ಈ ಮನೇಲಿ ಬೆಕ್ಕು ಇರ್ಬೇಕೋ ನನ್ ಮಗ ಇರ್ಬೇಕೋ ನೀವೇ ಹೇಳ್ಬಿಡಿ" ಎಂದೆ.

ಅವರು ಕತ್ತರಿ ಕೆಳಗಿಟ್ಟರು. "ಅದೇನ್ ಮಾತು ಅಂತ ಆಡ್ತೀಯೇ? ಮಗೂಗಿಂತ ಹೆಚ್ಚಾ ಅದು?"

ಮರುದಿನ ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೆ ತಮ್ಮ ಹಳೇ ಸೀರೆ ಕಟ್ಟಿ, ಬಸ್ಸು ಹತ್ತಿದರು. ಕೋರದಲ್ಲಿ ಪರಿಚಯದವರ ತೋಟದ ಮನೆಯಿತ್ತು, ಅಲ್ಲಿ ಬಿಟ್ಟು ಬಂದರು.

ಎರಡೇ ದಿನಕ್ಕೆ ಬೆಕ್ಕು ಅಲ್ಲಿಂದ ಕಾಣೆಯಾಯಿತು. ಆಮೇಲೆ ಪ್ರತಿ ಭಾನುವಾರ ಅತ್ತಿಗೆ ಕೋರಕ್ಕೆ ಹೋಗತೊಡಗಿದರು. ಹೈವೇ ಪಕ್ಕದ ಹೊಲಗಳಲ್ಲಿ ಅದನ್ನು ಕೂಗುತ್ತಾ ಅಲೆದು, ಸಂಜೆ ಸೀರೆಯಂಚಿಗೆ ಮುಳ್ಳು ಅಂಟಿಸಿಕೊಂಡು ಬರುತ್ತಿದ್ದರು. ಸಿಕ್ಕಿತಾ ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಬೆಕ್ಕು ಹೋದರೂ ಮಗನ ಉಬ್ಬಸ ಹೋಗಲಿಲ್ಲ. ಕೊನೆಗೆ ಟೆಸ್ಟ್ ಮಾಡಿಸಿದೆ. "ಬೆಕ್ಕಿಂದ ಏನಿಲ್ಲಮ್ಮ. ಹಾಸಿಗೆ ಧೂಳಲ್ಲಿ ಕಣ್ಣಿಗೆ ಕಾಣದ ಹುಳ ಇರ್ತವಲ್ಲ, ಅದು. ಹಳೇ ಹಾಸಿಗೆ ಏನಾದ್ರೂ ಇದೆಯಾ?" ಎಂದರು ಡಾಕ್ಟರು. ಇತ್ತು. ನನ್ನ ತವರು ಗುಬ್ಬಿಯಿಂದ ನಾನೇ ಆಸೆಪಟ್ಟು ತಂದದ್ದು. ಮಗ ಅದರ ಮೇಲೇ ಮಲಗುತ್ತಿದ್ದ.

ಗಂಡನಿಗೂ ಕಾರಣ ಹೇಳದೆ ಆ ಹಾಸಿಗೆಯನ್ನು ಸಾಗಹಾಕಿದೆ. ಮಗ ಚೇತರಿಸಿಕೊಂಡ. ಒಂದು ಭಾನುವಾರ ಕೋರದಿಂದ ಬಂದ ಅತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಕೇಳಿದರು: "ಬೆಕ್ಕು ಹೋದ್ಮೇಲೆ ಮಗು ಹುಷಾರಾದ, ಅಲ್ವೇನೇ?"

ಆಗಲಾದರೂ ಹೇಳಬಹುದಿತ್ತು. "ಹೂಂ, ಅತ್ತಿಗೆ" ಎಂದೆ.

"ಹಂಗಾದ್ರೆ ಒಳ್ಳೇದೇ ಆಯ್ತು ಬುಡು."

ಮುಂದಿನ ಭಾನುವಾರದಿಂದ ಅವರು ಹುಡುಕಲು ಹೋಗಲಿಲ್ಲ.

ಅತ್ತಿಗೆ ತೀರಿಕೊಂಡು ಎರಡು ವರ್ಷವಾಯಿತು. ಹೇಳಿಬಿಡಬೇಕೆಂದು ಎಷ್ಟೋ ಸಲ ಅವರ ಪಕ್ಕ ಹೋಗಿ ಕುಳಿತಿದ್ದೆ... ಸೊಪ್ಪು ಬಿಡಿಸುತ್ತಾ ಬೇರೇನೋ ಮಾತಾಡಿ ಎದ್ದು ಬರುತ್ತಿದ್ದೆ.

ಮೊನ್ನೆ ಸಂಜೆ, ಈಗ ಕಾಲೇಜಿಗೆ ಹೋಗುವ ಮಗ ಅವರ ಫೋಟೋ ಒರೆಸುತ್ತಾ ಇದ್ದಕ್ಕಿದ್ದಂತೆ ಕೇಳಿದ: "ಅತ್ತೆ ಬೆಕ್ಕು ಬಿಟ್ಟಿದ್ದು ನನ್ನಿಂದಾನೇ ಅಲ್ವಾಮ್ಮ?" ಇಷ್ಟು ವರ್ಷ ಅವನೂ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನೆಂದು ನನಗೆ ತಿಳಿದೇ ಇರಲಿಲ್ಲ.

"ನಿನ್ನಿಂದ ಅಲ್ಲ ಕಣೋ, ನನ್ನಿಂದ" ಎಂದು ಎಲ್ಲವನ್ನೂ ಹೇಳಿದೆ.

ಅವನು ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟ. "ಅತ್ತೆಗೆ ಗೊತ್ತಿತ್ತಾ?"

ಇಲ್ಲವೆಂದು ತಲೆಯಾಡಿಸಿದೆ. ಅವನು ನನ್ನ ಕಡೆ ನೋಡದೆ ಎದ್ದು ಹೊರಗೆ ಹೋದ.